ಕ್ರೀಮಿನ ಡಬ್ಬಿಗೆ ಮಾತು ಬರೆಯುವ ಕೆಲಸ: ಸ್ಕಿನ್‌ಕೇರ್ ಕಾಪಿರೈಟಿಂಗ್ ಮತ್ತು ಎಡಿಟಿಂಗ್ ಕಲಿಯಲು ಸಮಗ್ರ ಮಾರ್ಗದರ್ಶಿ

ಸ್ಕಿನ್‌ಕೇರ್ ಬರವಣಿಗೆ ಅಂದರೆ ‘ಹೊಳೆಯುವ ತ್ವಚೆ’, ‘ಹೂವಿನಂಥ ಮೃದುತ್ವ’ ಎಂದು ಹೊಸೆಯುವುದು ಅಂತ ಹಲವರು ಅಂದುಕೊಂಡಿದ್ದಾರೆ. ಅಂಥ ಸಾಲುಗಳನ್ನು ಯಾರು ಬೇಕಾದರೂ ಹೊಸೆಯಬಹುದು; ಈಗಂತೂ ಎಐಗೆ ಹೇಳಿದರೆ ಚಹಾ ಕುಡಿದು ಮುಗಿಸುವಷ್ಟರಲ್ಲಿ ಪುಟಗಟ್ಟಲೆ ಕೊಡುತ್ತದೆ. ಕಂಪನಿಗಳು ದುಡ್ಡು ಕೊಡುವುದು ಬೇರೆಯದಕ್ಕೆ. ಈ ಕ್ರೀಮು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬ ಗಡಿ ಗೊತ್ತಿದ್ದು, ಆ ಗಡಿ ದಾಟದೆಯೂ ಓದುವವರಿಗೆ ಕೊಳ್ಳುವ ಮನಸ್ಸು ಬರುವ ಹಾಗೆ ಬರೆಯುವವರು ಕಡಿಮೆ. ಕನ್ನಡದಲ್ಲಿ ಇನ್ನೂ ಕಡಿಮೆ. ಈ ವೃತ್ತಿಗೆ ಬರುವವರಿಗೆ ಇರುವ ಜಾಗ ಅದೇ.

ಕೆಲಸದ ಹರವು ಮೊದಲು ತಿಳಿದಿರಲಿ. ಮಾರಾಟದ ಆ್ಯಪ್‌ನ ಪ್ರಾಡಕ್ಟ್ ಪುಟ, ರಟ್ಟಿನ ಪೆಟ್ಟಿಗೆಯ ಹಿಂಬದಿ, ಒಳಗಿನ ಮಡಿಕೆ ಕಾಗದ, ರೀಲ್ಸ್‌ನ ಮಾತು, ವಾಟ್ಸ್ಆ್ಯಪ್ ಸಂದೇಶ, ಗ್ರಾಹಕರ ದೂರಿಗೆ ಕೊಡುವ ಸಿದ್ಧ ಉತ್ತರ, ಪತ್ರಿಕೆ ಪುರವಣಿಯ ಸೌಂದರ್ಯ ಅಂಕಣ ಎಲ್ಲವೂ ಇದರಲ್ಲಿ ಬರುತ್ತವೆ. ಬರೆಯುವವರಷ್ಟೇ ತಿದ್ದುವವರೂ ಬೇಕು. ಆರಂಭದಲ್ಲಿ ಎರಡನ್ನೂ ಕಲಿಯುವುದು ಒಳ್ಳೆಯದು.

ಹಂತ 1: ಕಾನೂನಿನ ಗೆರೆ ಎಲ್ಲಿದೆ ಎಂದು ಕಲಿಯಿರಿ

ಶೈಲಿ ಆಮೇಲೆ. ಮೊದಲು ಇದು. ನಮ್ಮಲ್ಲಿ ಸೌಂದರ್ಯವರ್ಧಕಗಳು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಅವಕ್ಕೇ ಪ್ರತ್ಯೇಕವಾಗಿ 2020ರಲ್ಲಿ ಸೌಂದರ್ಯವರ್ಧಕ ನಿಯಮಗಳು ಬಂದವು. ಕಾಯ್ದೆಯ ಕಣ್ಣಿನಲ್ಲಿ ಸೌಂದರ್ಯವರ್ಧಕ ಎಂದರೆ ಮೈಗೆ ಹಚ್ಚುವ, ಸುರಿಯುವ, ಸಿಂಪಡಿಸುವ ಮತ್ತು ಅದರಿಂದ ಶುಚಿಗೊಳಿಸುವ, ಅಂದ ಹೆಚ್ಚಿಸುವ, ರೂಪ ಬದಲಿಸುವ ವಸ್ತು. ರೋಗ ವಾಸಿಮಾಡುವ, ಕಡಿಮೆ ಮಾಡುವ, ತಡೆಯುವ ಮಾತು ಬಂದ ಕೂಡಲೇ ಅದು ಔಷಧದ ಹೊಸ್ತಿಲು ತುಳಿಯಿತು.

ಹಾಗಾಗಿ ‘ಮುಖದ ಜಿಡ್ಡು ತೊಳೆಯುತ್ತದೆ’ ಎನ್ನಬಹುದು, ‘ಮೊಡವೆ ವಾಸಿಮಾಡುತ್ತದೆ’ ಎನ್ನುವಂತಿಲ್ಲ. ‘ಒಣಗಿದ ಚರ್ಮಕ್ಕೆ ತೇವ’ ಸರಿ, ‘ಇಸಬಿಗೆ ಪರಿಹಾರ’ ತಪ್ಪು. ‘ಸುಕ್ಕು ಕಡಿಮೆ ಕಾಣುತ್ತದೆ’ ಎನ್ನುವುದರಲ್ಲಿ ‘ಕಾಣುತ್ತದೆ’ ಎಂಬ ಪುಟ್ಟ ಕ್ರಿಯಾಪದವೇ ಇಡೀ ವಾಕ್ಯದ ಭಾರ ಹೊತ್ತಿದೆ. ಮಾರ್ಕೆಟಿಂಗ್‌ನವರು ಮೊದಲು ಹೊಡೆದು ಹಾಕಲು ನೋಡುವುದೂ ಅದನ್ನೇ. ಬಿಡಬೇಡಿ.

ತೊನ್ನಿನ ವಿಷಯ ಇನ್ನೂ ಬಿಗಿ. 1954ರ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆಯ ಪಟ್ಟಿಯಲ್ಲಿ ಅದಿದೆ. ತೊನ್ನು ವಾಸಿಯಾಗುತ್ತದೆ ಎಂದು ಜಾಹೀರಾತು ಕೊಡುವುದೇ ಅಪರಾಧ. ಊರಿನ ಗೋಡೆಗಳ ಮೇಲೆ ಅಂಥವು ಇಂದಿಗೂ ಕಾಣಸಿಗುತ್ತವೆ ಎನ್ನುವುದು ನೀವು ಬರೆಯಲು ಸಮರ್ಥನೆಯಲ್ಲ.

ಆಯುರ್ವೇದದ ಹೆಸರಿನಲ್ಲಿ ಮಾರುವ ಫೇಸ್‌ಪ್ಯಾಕು, ಎಣ್ಣೆಗಳು ಬಂದಾಗ ಪೆಟ್ಟಿಗೆಯ ಮೇಲಿನ ಲೈಸೆನ್ಸ್ ಸಂಖ್ಯೆ ಯಾವುದೆಂದು ನೋಡಿ. ಸೌಂದರ್ಯವರ್ಧಕವೆಂದು ಪರವಾನಗಿ ಪಡೆದದ್ದೇ ಅಥವಾ ಆಯುರ್ವೇದ ಔಷಧವೆಂದೇ? ಒಂದೇ ಶೆಲ್ಫಿನಲ್ಲಿ ಅಕ್ಕಪಕ್ಕ ಕುಳಿತಿದ್ದರೂ ಎರಡಕ್ಕೂ ಅನ್ವಯಿಸುವ ನಿಯಮ ಬೇರೆ. ಬ್ರೀಫ್‌ನಲ್ಲಿ, ಅಂದರೆ ಕಂಪನಿ ಕೊಡುವ ಕೆಲಸದ ವಿವರದಲ್ಲಿ, ಇದನ್ನು ಯಾರೂ ಹೇಳುವುದಿಲ್ಲ, ನೀವೇ ಕೇಳಬೇಕು.

ಜಾಹೀರಾತಿನ ಕಡೆಯಿಂದ ಎರಡು ಹೆಸರು ನೆನಪಿರಲಿ. ಒಂದು, ಜಾಹೀರಾತು ಉದ್ಯಮವೇ 1985ರಲ್ಲಿ ಕಟ್ಟಿಕೊಂಡ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ. ಬಿಳುಪಿನ ಕ್ರೀಮುಗಳ ಜಾಹೀರಾತಿಗೆ ಅದು 2014ರಲ್ಲಿ ಮಾರ್ಗಸೂಚಿ ತಂದಿತು. ಕಪ್ಪು ಮೈಬಣ್ಣದವರನ್ನು ಸೋತವರಂತೆ, ಮದುವೆಯಾಗದವರಂತೆ, ಕೆಲಸ ಸಿಗದವರಂತೆ ತೋರಿಸುವ ಹಾಗಿಲ್ಲ. 1975ರಿಂದ ಮಾರುಕಟ್ಟೆಯಲ್ಲಿದ್ದ ‘ಫೇರ್ ಆ್ಯಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಆ್ಯಂಡ್ ಲವ್ಲಿ’ ಆದದ್ದು ನಿಮಗೆ ಗೊತ್ತೇ ಇದೆ. ಆದರೆ ಹೆಸರು ಬದಲಾದ ಮಾತ್ರಕ್ಕೆ ಬರೆಯುವವರ ಅಭ್ಯಾಸ ಬದಲಾಗಲಿಲ್ಲ. ‘ಬಿಳುಪು’ ಹೋಗಿ ‘ಕಾಂತಿ’ ಬಂತು, ಚಿತ್ರದಲ್ಲಿ ಎಡಗಡೆ ಅದೇ ಮಂಕು ಮುಖ, ಬಲಗಡೆ ಅದೇ ಬೆಳಗಿದ ಮುಖ. ಎಡಿಟರ್ ಆಗಿ ಕುಳಿತಾಗ ಪದದ ಜೊತೆ ಚಿತ್ರವನ್ನೂ ಓದಿ.

ಎರಡನೆಯದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಅದು 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಅದರ 2022ರ ಮಾರ್ಗಸೂಚಿಯಲ್ಲಿ ಕನ್ನಡ ಬರಹಗಾರರಿಗೆ ಬಂಗಾರದಂಥ ಒಂದು ಅಂಶವಿದೆ: ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತು, ಅಡಿಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು, ಅಕ್ಷರಶೈಲಿಯೂ (ಫಾಂಟ್) ಅದೇ ಇರಬೇಕು. ದೊಡ್ಡ ಕನ್ನಡ ಘೋಷಣೆ, ಕೆಳಗೆ ಇರುವೆಯಷ್ಟು ಇಂಗ್ಲಿಷು ಎಂಬ ಮಾಮೂಲಿ ವಿನ್ಯಾಸ ಈ ನಿಯಮಕ್ಕೆ ಒಗ್ಗುವುದಿಲ್ಲ. ಕೆಲಸ ಕೊಟ್ಟ ಕಂಪನಿಗೆ ಇದನ್ನು ತೋರಿಸಿ, ಅಡಿಟಿಪ್ಪಣಿಯ ಕನ್ನಡವನ್ನೂ ನಿಮ್ಮ ಕೆಲಸದ ಪಟ್ಟಿಗೆ ಸೇರಿಸಿಕೊಳ್ಳಿ.

ವಿದೇಶಿ ಬ್ರ್ಯಾಂಡಿಗೆ ಬರೆಯುವುದಾದರೆ ಗೆರೆ ಜಾಗ ಬದಲಿಸುತ್ತದೆ. ಸನ್‌ಸ್ಕ್ರೀನ್ ನಮ್ಮಲ್ಲಿ ಸೌಂದರ್ಯವರ್ಧಕ. ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವ ಔಷಧ. ಯುರೋಪಿನಲ್ಲಿ ಹೇಳಿಕೆಗಳಿಗೆಂದೇ 655/2013 ಎಂಬ ನಿಯಮಾವಳಿಯಿದೆ. ಚಿಕ್ಕದು, ಓದಲು ಕಷ್ಟವಿಲ್ಲ. ಭಾರತಕ್ಕಷ್ಟೇ ಬರೆಯುವವರೂ ಓದಿದರೆ ಹೇಳಿಕೆಯನ್ನು ತೂಗುವುದು ಹೇಗೆಂಬ ಬುದ್ಧಿ ಬರುತ್ತದೆ.

ಹಂತ 2: ಲೇಬಲ್ ಓದಲು ಕಲಿಯಿರಿ

ಮನೆಯ ಬಚ್ಚಲಿನಲ್ಲಿರುವ ಯಾವುದಾದರೂ ಮಾಯಿಶ್ಚರೈಸರ್ ತೆಗೆದುಕೊಳ್ಳಿ. ಹಿಂಬದಿಯ ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. 1% ಮತ್ತು ಅದಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು. ಮೊದಲಲ್ಲಿ ‘ಆಕ್ವಾ’ ಇದ್ದರೆ ಅದು ಬರೀ ನೀರು. ನಂತರ ಗ್ಲಿಸರಿನ್ ಇದೆಯೆಂದರೆ ತೇವ ಹಿಡಿಯುವ ನಿಜವಾದ ಕೆಲಸಗಾರ ಅದೇ. ಮುಂಬದಿಯಲ್ಲಿ ಕೇಸರಿ ಎಸಳಿನ ಚಿತ್ರ ಎಷ್ಟೇ ದೊಡ್ಡದಿರಲಿ.

ಈಗ ಫೀನಾಕ್ಸಿಇಥನಾಲ್ ಎಲ್ಲಿದೆ ಹುಡುಕಿ. ಕ್ರೀಮು ಕೆಡದಿರಲಿ ಎಂದು ಹಾಕುವ ಈ ಸಂರಕ್ಷಕದ ಮಿತಿ 1%. ಅಂದರೆ ಪಟ್ಟಿಯಲ್ಲಿ ಅದರ ನಂತರ ಬರುವುದೆಲ್ಲ ಶೇಕಡಾ ಒಂದು ಅಥವಾ ಅದಕ್ಕೂ ಕಡಿಮೆ. ಕೇಸರಿಯ ಸತ್ವ ಅಲ್ಲಿ, ಸುಗಂಧದ ಆಚೆಗೆ ಕುಳಿತಿದ್ದರೆ, ‘ಕೇಸರಿಯ ಶಕ್ತಿ’ ಎಂದು ತಲೆಬರಹ ಬರೆಯಲು ನಿಮ್ಮ ಕೈ ತಡೆಯಬೇಕು. ಹಾಗೆಂದು ಕೊನೆಯಲ್ಲಿರುವುದೆಲ್ಲ ಕಣ್ಣಿಗೆ ಮಣ್ಣು ಅಲ್ಲ. ರೆಟಿನಾಲ್, ಹಯಲುರಾನಿಕ್ ಆಮ್ಲ ಇಂಥವು ತೀರಾ ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡುತ್ತವೆ. ಯಾವುದು ಅಲಂಕಾರಕ್ಕೆ ಹಾಕಿದ ಚಿಟಿಕೆ, ಯಾವುದು ಕೆಲಸದ ಚಿಟಿಕೆ ಎಂದು ಬೇರ್ಪಡಿಸಲು ಬರುವುದೇ ಈ ಹಂತದ ಗುರಿ.

ಪದಾರ್ಥಗಳ ಒಂದು ನೋಟ್‌ಬುಕ್ ಇಡಿ. ಪ್ರತಿಯೊಂದಕ್ಕೂ ಅದೇನು, ಏನು ಮಾಡುತ್ತದೆ, ಯಾರು ಜಾಗ್ರತೆ ವಹಿಸಬೇಕು ಎಂದು ನಿಮ್ಮದೇ ಕನ್ನಡದಲ್ಲಿ ಒಂದೆರಡು ಸಾಲು. ಸ್ಯಾಲಿಸಿಲಿಕ್ ಆಮ್ಲ ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ಜಿಡ್ಡು ತುಂಬಿದ ರಂಧ್ರದೊಳಗೆ ಇಳಿಯಬಲ್ಲದು. ನಯಾಸಿನಮೈಡ್ ಬಿ3 ಜೀವಸತ್ವದ ಒಂದು ರೂಪ. ರೆಟಿನಾಲ್ ಎ ಜೀವಸತ್ವದ ಕುಟುಂಬದ್ದು. ಬಸುರಿಯರು ಬಳಸಬಾರದೆಂಬ ಸೂಚನೆ ಇರಲೇಬೇಕು. ಗ್ಲೈಕಾಲಿಕ್ ಆಮ್ಲ ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ, ಆದ್ದರಿಂದ ಅದರ ಪುಟದಲ್ಲಿ ಸನ್‌ಸ್ಕ್ರೀನ್ ಮಾತು ಬರಬೇಕು. ಇಪ್ಪತ್ತು ಮೂವತ್ತು ಪದಾರ್ಥ ಹೀಗೆ ಕೈವಶವಾದರೆ ಪೇಟೆಯ ಬಹುಪಾಲು ಡಬ್ಬಿಗಳು ಅರ್ಥವಾಗುತ್ತವೆ.

ಸಂಖ್ಯೆಗಳ ಬಗ್ಗೆಯೂ ಹುಷಾರು. ಸನ್‌ಸ್ಕ್ರೀನಿನ ರಕ್ಷಣೆಯನ್ನು ಹೇಳುವ ಅಂಕಿ ಎಸ್‌ಪಿಎಫ್. ಎಸ್‌ಪಿಎಫ್ 30 ಬಿಸಿಲಿನಲ್ಲಿ ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು 97% ತಡೆದರೆ, ಎಸ್‌ಪಿಎಫ್ 50 ತಡೆಯುವುದು ಸುಮಾರು 98%. ‘ಹೆಚ್ಚುಕಡಿಮೆ ಎರಡರಷ್ಟು ರಕ್ಷಣೆ’ ಎಂದು ಬರೆದರೆ ಅದು ಸುಳ್ಳು. ಪ್ರಯೋಗಾಲಯದಲ್ಲಿ ಆ ಅಂಕಿ ಬರುವುದು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ಜನ ಹಚ್ಚುವುದು ಅದಕ್ಕಿಂತ ತೀರಾ ತೆಳ್ಳಗೆ. ಆದ್ದರಿಂದ ‘ಎಷ್ಟು ಹಚ್ಚಬೇಕು’ ಎಂಬ ಸಾಲು ‘ಎಷ್ಟು ಎಸ್‌ಪಿಎಫ್’ ಎಂಬ ಸಾಲಿಗಿಂತ ಉಪಕಾರಿ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಒಂದೊಂದು ಗೆರೆ ಎಂದು ಬರೆಯಿರಿ, ಅಜ್ಜಿಗೂ ಅರ್ಥವಾಗುತ್ತದೆ.

ಸೋಪಿಗೂ ಹೀಗೇ ಒಂದು ಅಂಕಿಯಿದೆ, ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ. ಭಾರತೀಯ ಮಾನಕದಲ್ಲಿ ಗ್ರೇಡ್ 1 ಟಾಯ್ಲೆಟ್ ಸೋಪಿಗೆ ಕನಿಷ್ಠ 76%, ಗ್ರೇಡ್ 2ಕ್ಕೆ 70%, ಗ್ರೇಡ್ 3ಕ್ಕೆ 60%. ‘ಬೇದಿಂಗ್ ಬಾರ್’ ಎಂದು ಬರೆದಿದ್ದರೆ ಅದು ಈ ಲೆಕ್ಕಕ್ಕೇ ಬರುವುದಿಲ್ಲ. ಎಡಿಟ್ ಮಾಡುವಾಗ ‘ಸೋಪು’ ಎಂದು ಸಲೀಸಾಗಿ ಬದಲಿಸಿಬಿಟ್ಟರೆ ಪದ ಸರಿಹೋಗಿ ವಸ್ತು ತಪ್ಪುತ್ತದೆ. ಮೈಸೂರು ಸ್ಯಾಂಡಲ್ ಸೋಪನ್ನೇ ನೋಡಿ. 1916ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಕಾರ್ಖಾನೆಯ ಆ ಪೊಟ್ಟಣ ಇಂದಿಗೂ ಮಾತು ನಿಲ್ಲಿಸುವುದು ಒಂದೇ ಸಂಗತಿಯ ಮೇಲೆ: ಒಳಗೆ ಶ್ರೀಗಂಧದ ಎಣ್ಣೆಯಿದೆ. ಪರೀಕ್ಷಿಸಿ ನೋಡಬಹುದಾದ ಒಂದು ನಿಜ ಸಿಕ್ಕರೆ ವಿಶೇಷಣಗಳು ಬೇಕಾಗುವುದಿಲ್ಲ.

ಹಂತ 3: ಒಂದು ಸಾಲನ್ನು ಹಿಡಿದು ತೊಳೆಯಿರಿ

ಕಲ್ಪನೆಯ ಬ್ರೀಫ್ ಒಂದು: ‘10% ನಯಾಸಿನಮೈಡ್ ಸೀರಮ್, 30 ಮಿಲಿ. ಕಾಲೇಜು ಹುಡುಗಿಯರಿಗೆ. ಕಲೆಗಳ ಮೇಲೆ ಫೋಕಸ್. ಪವರ್‌ಫುಲ್ ಲೈನ್ ಬೇಕು.’ ಮಾರ್ಕೆಟಿಂಗ್‌ನವರೇ ಒಂದು ಸಾಲನ್ನೂ ಕೊಟ್ಟಿದ್ದಾರೆ:

‘7 ದಿನಗಳಲ್ಲಿ ಮೊಡವೆ ಕಲೆಗಳು ಮಾಯ! ಚರ್ಮತಜ್ಞರು ಪ್ರಮಾಣೀಕರಿಸಿದ ಕೆಮಿಕಲ್-ಫ್ರೀ ಸೀರಮ್.’

ಮೊದಲು ಮಾಡಬೇಕಾದದ್ದು ಬರೆಯುವುದಲ್ಲ, ಅಧ್ಯಯನದ ವರದಿ ಕೇಳುವುದು. ಬಂತು ಅಂದುಕೊಳ್ಳಿ. 32 ಮಹಿಳೆಯರು, 8 ವಾರ ಬಳಸಿದ್ದಾರೆ, ಕೊನೆಗೆ ಪ್ರಶ್ನಾವಳಿಯಲ್ಲಿ 27 ಮಂದಿ ‘ನನ್ನ ಕಲೆಗಳು ತಿಳಿಯಾಗಿ ಕಾಣುತ್ತಿವೆ’ ಎಂಬುದಕ್ಕೆ ಹೌದು ಎಂದಿದ್ದಾರೆ. ಜೊತೆಗೆ ಚರ್ಮತಜ್ಞರ ನಿಗಾದಲ್ಲಿ ಪ್ಯಾಚ್ ಟೆಸ್ಟ್ (ಚರ್ಮದ ಸಣ್ಣ ಭಾಗಕ್ಕೆ ಹಚ್ಚಿ ನೋಡುವ ಪರೀಕ್ಷೆ) ಆಗಿದೆ, ತುರಿಕೆ ಬಂದಿಲ್ಲ.

ಈಗ ಒಂದೊಂದೇ ಪದ ಹಿಡಿಯಿರಿ. ‘7 ದಿನ’ಕ್ಕೆ ಆಧಾರವಿಲ್ಲ, 8 ವಾರಕ್ಕಿದೆ. ‘ಮಾಯ’ ಎಂದು ಯಾರೂ ಹೇಳಿಲ್ಲ, ‘ತಿಳಿ’ ಎಂದಿದ್ದಾರೆ, ಅದೂ ಯಂತ್ರದ ಅಳತೆಯಲ್ಲ, ಬಳಸಿದವರ ಅನಿಸಿಕೆ. ‘ಪ್ರಮಾಣೀಕರಿಸಿದ’ ಎನ್ನಲು ತಜ್ಞರು ಸೀರಮ್ ಒಳ್ಳೆಯದೆಂದು ಪ್ರಮಾಣಪತ್ರ ಕೊಟ್ಟಿಲ್ಲ. ಚರ್ಮ ಕೆರಳಿತೇ ಎಂದಷ್ಟೇ ನೋಡಿದ್ದಾರೆ. ‘ಕೆಮಿಕಲ್-ಫ್ರೀ’ ಎಂಬುದನ್ನಂತೂ ನಾನು ಯಾವ ಬ್ರ್ಯಾಂಡಿಗೂ ಬಿಡುವುದಿಲ್ಲ. ನಯಾಸಿನಮೈಡ್ ರಾಸಾಯನಿಕ, ನೀರೂ ರಾಸಾಯನಿಕ, ಮತ್ತೆ ಬಾಟಲಿಯಲ್ಲಿ ಉಳಿದದ್ದೇನು? ಯಾವುದಾದರೂ ನಿರ್ದಿಷ್ಟ ಪದಾರ್ಥ ಇಲ್ಲವೆಂದರೆ ಅದರ ಹೆಸರನ್ನೇ ಹೇಳಲಿ, ‘ಸುಗಂಧ ಸೇರಿಸಿಲ್ಲ’ ಎಂಬಂತೆ.

ತೊಳೆದ ಮೇಲೆ:

‘ಮೊಡವೆ ಹೋದರೂ ಗುರುತು ಹೋಗಿಲ್ಲವೇ? ಎಂಟು ವಾರ ಕೊಟ್ಟು ನೋಡಿ. ಬೆಳಿಗ್ಗೆ ಎರಡು ಹನಿ, ರಾತ್ರಿ ಎರಡು ಹನಿ. ಹಗಲು ಸನ್‌ಸ್ಕ್ರೀನ್ ಮರೆಯಬೇಡಿ.’

ಕೆಳಗೆ, ಅದೇ ಕನ್ನಡದಲ್ಲಿ: ‘8 ವಾರ ಬಳಸಿದ 32 ಮಹಿಳೆಯರಲ್ಲಿ 27 ಮಂದಿ ಕಲೆಗಳು ತಿಳಿಯಾಗಿ ಕಾಣುತ್ತಿವೆ ಎಂದಿದ್ದಾರೆ. ಚರ್ಮತಜ್ಞರ ನಿಗಾದಲ್ಲಿ ಪ್ಯಾಚ್ ಟೆಸ್ಟ್ ಆಗಿದೆ.’

‘84% ಮಹಿಳೆಯರು’ ಎಂದು ಬರೆಯೋಣ ಎಂದು ಒತ್ತಾಯ ಬರುತ್ತದೆ. ಲೆಕ್ಕ ಸರಿಯೇ, ಆದರೆ 32 ಜನರನ್ನು ಮುಚ್ಚಿಟ್ಟ ಶೇಕಡಾವಾರು ಓದುಗರಿಗೆ ಸಾವಿರಾರು ಜನರಂತೆ ಕೇಳಿಸುತ್ತದೆ. ಶೇಕಡಾ ಹಾಕಲೇಬೇಕೆಂದರೆ ಪಕ್ಕದಲ್ಲೇ 32 ಇರಲಿ. ಕಾಲೇಜು ಹುಡುಗಿ ಈ ಸಾಲನ್ನು ಓದಿ ಕೊಂಡರೆ ಹತ್ತನೇ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಒಂದು ನಕ್ಷತ್ರದ ವಿಮರ್ಶೆ ಬರೆಯುವುದಿಲ್ಲ, ಎಂಟು ವಾರ ಕಾಯುತ್ತಾಳೆ. ಕಂಪನಿಯವರಿಗೆ ನೀತಿ ಹೇಳಿದರೆ ಒಪ್ಪುವುದಿಲ್ಲ. ವಾಪಸ್ ಬರುವ ಬಾಟಲಿ ಕಡಿಮೆಯಾಗುತ್ತದೆ ಎಂದರೆ ಒಪ್ಪುತ್ತಾರೆ.

ಹಂತ 4: ಕನ್ನಡವನ್ನು ಕನ್ನಡದಲ್ಲೇ ಯೋಚಿಸಿ

ನಮ್ಮ ಸೌಂದರ್ಯ ಜಾಹೀರಾತುಗಳು ಬಹುಮಟ್ಟಿಗೆ ಹಿಂದಿ, ಇಂಗ್ಲಿಷಿನಿಂದ ಇಳಿದವು ಎಂದು ಮೊದಲ ಪದದಲ್ಲೇ ತಿಳಿಯುತ್ತದೆ. ‘ಪಡೆಯಿರಿ ಕಲೆರಹಿತ ತ್ವಚೆ!’ ಕ್ರಿಯಾಪದ ಮುಂದೆ ಓಡಿಬಂದು ನಿಂತಿದೆ. ಯಾವ ಅಕ್ಕ ಯಾವ ತಂಗಿಗೆ ಹೀಗೆ ಹೇಳಿಯಾಳು? ‘ಮುಖ ತೊಳೆದ ಮೇಲೆ ಬಿಗಿದ ಹಾಗೆ ಆಗಲ್ಲ’ ಎಂದಾಳು. ಫೇಸ್‌ವಾಶ್‌ಗೆ ಅದಕ್ಕಿಂತ ಒಳ್ಳೆಯ ಸಾಲು ನನಗೆ ಗೊತ್ತಿಲ್ಲ.

ಮನೆಮಾತಿನ ಪದಗಳನ್ನು ಕೂಡಿಸಿಕೊಳ್ಳಿ: ಬಂಗು, ಚಿಬ್ಬು, ಬೆವರುಸಾಲೆ, ತಲೆಹೊಟ್ಟು, ಹಿಮ್ಮಡಿ ಒಡೆಯುವುದು, ಲೋಳೆಸರ, ಎಣ್ಣೆಗೆಂಪು. ಇವುಗಳಲ್ಲಿ ಕೆಲವು ಕಾಯಿಲೆಯ ಹೆಸರೂ ಹೌದು, ಹಂತ 1ರ ಗೆರೆ ಇಲ್ಲಿಯೂ ಎಳೆದುಕೊಳ್ಳಬೇಕು. ‘ಬಂಗು ಹೋಗಲಾಡಿಸುತ್ತದೆ’ ಎಂದು ಕ್ರೀಮಿನ ಮೇಲೆ ಬರೆಯಬಾರದು. ಓದುಗರ ಪ್ರಶ್ನೆಗೆ ಉತ್ತರಿಸುವ ಅಂಕಣದಲ್ಲಿ ‘ಬಂಗು ಇದ್ದರೆ ಚರ್ಮವೈದ್ಯರಿಗೆ ತೋರಿಸಿ’ ಎಂದು ಬರೆಯಬಹುದು, ಬರೆಯಬೇಕು. ಫೌಂಡೇಶನ್‌ನ ಬಣ್ಣಗಳಿಗೆ ಹೆಸರಿಡುವಾಗ ಮಾತ್ರ ಈ ಪದಸಂಪತ್ತು ಹಬ್ಬ ಮಾಡುತ್ತದೆ. ಗೋಧಿ, ಎಣ್ಣೆಗೆಂಪು, ನಸುಗಪ್ಪು ಇರುವಾಗ ಇಂಗ್ಲಿಷಿನ ‘ಹನಿ’, ‘ಬೀಜ್’, ‘ಮೋಕಾ’ ಯಾಕೆ?

ಸೀರಮ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಎಂಬುವನ್ನು ಹಾಗೆಯೇ ಬಿಡಿ. ‘ಆರ್ದ್ರಕಾರಕ’ ಎಂದು ಹುಡುಕಿ ಯಾರೂ ಅಂಗಡಿಗೆ ಬರುವುದಿಲ್ಲ.

ಹವೆಯೂ ಗಮನದಲ್ಲಿರಲಿ. ದೆಹಲಿಯಲ್ಲಿ ಕುಳಿತು ಮಾಡಿದ ಡಿಸೆಂಬರ್ ಪ್ರಚಾರ ‘ಕೊರೆಯುವ ಚಳಿಗೆ’ ಎಂದು ಬಂದರೆ ಮಂಗಳೂರಿನವರು ಫ್ಯಾನಿನ ಕೆಳಗೆ ಕುಳಿತು ಓದುತ್ತಾರೆ. ಕಲಬುರಗಿಯ ಒಣ ಬಿಸಿಲಿಗೂ ಕೊಡಗಿನ ಮಳೆಗೂ ಒಂದೇ ಸಾಲು ಹೊಂದುವುದಿಲ್ಲ. ಪ್ರದೇಶವಾರು ಬದಲಾವಣೆ ಸೂಚಿಸಿ, ಅದಕ್ಕೆ ಪ್ರತ್ಯೇಕ ಸಂಭಾವನೆಯೂ ಕೇಳಿ.

ಹಂತ 5: ಎಡಿಟರ್ ಮೇಜಿನ ಮೇಲೆ

ತಿದ್ದುವವರು ಇಡಬೇಕಾದ ಮುಖ್ಯ ಉಪಕರಣ ಒಂದು ಸಾದಾ ಸ್ಪ್ರೆಡ್‌ಶೀಟ್. ಒಂದು ಕಾಲಂನಲ್ಲಿ ಹೇಳಿಕೆ, ಪಕ್ಕದಲ್ಲಿ ಆಧಾರ (ಯಾವ ವರದಿ, ಎಷ್ಟನೇ ಪುಟ), ಅದರ ಪಕ್ಕ ಒಪ್ಪಿದವರು ಯಾರು, ಯಾವ ದಿನ. ಆಧಾರದ ಕಾಲಂ ಖಾಲಿ ಇರುವ ಸಾಲು ಪ್ರಿಂಟಿಗೆ ಹೋಗಬಾರದು. ಜಗಳ ಬಂದಾಗ ನಿಮ್ಮನ್ನು ಕಾಯುವುದು ಇದೇ ಹಾಳೆ.

ಉಳಿದದ್ದು ಕಣ್ಣಿನ ಕೆಲಸ. ಮುಂಬದಿಯಲ್ಲಿ 10%, ಹಿಂಬದಿಯಲ್ಲಿ 5% ಇದೆಯೇ? ಪೆಟ್ಟಿಗೆಯಲ್ಲಿ 30 ಮಿಲಿ, ಪುಟದಲ್ಲಿ 30 ಗ್ರಾಂ ಆಗಿದೆಯೇ? ಮೊದಲು-ನಂತರದ ಚಿತ್ರಗಳು ಒಂದೇ ಬೆಳಕಿನಲ್ಲಿ ತೆಗೆದವೇ? ಹೊಗಳಿದ ಇನ್‌ಫ್ಲುಯೆನ್ಸರ್ ದುಡ್ಡು ಪಡೆದಿದ್ದರೆ ಅದು ಜಾಹೀರಾತು ಎಂದು ಹೇಳಿದ್ದಾರೆಯೇ? 2021ರಿಂದ ಎಎಸ್‌ಸಿಐ ಇದನ್ನು ಕಡ್ಡಾಯ ಮಾಡಿದೆ. ‘ಕ್ರೂಯೆಲ್ಟಿ-ಫ್ರೀ’ ಎಂದು ದೊಡ್ಡದಾಗಿ ಬರೆದುಕೊಂಡಿದ್ದರೆ ನೆನಪಿಸಿ: ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ಭಾರತದಲ್ಲಿ 2014ರಿಂದಲೇ ನಿಷಿದ್ಧ. ಕಾನೂನು ಪಾಲಿಸುವುದನ್ನೇ ದೊಡ್ಡ ಉಪಕಾರದಂತೆ ಹೇಳಿಕೊಳ್ಳುವುದು ಸ್ವಲ್ಪ ಅತಿಯಾಯಿತು.

ಪತ್ರಿಕೆಗೆ ಬರುವ ಮನೆಮದ್ದಿನ ಲೇಖನಗಳನ್ನು ತಿದ್ದುವಾಗ ಇನ್ನಷ್ಟು ಕಠಿಣವಾಗಿರಿ. ಮುಖಕ್ಕೆ ನಿಂಬೆರಸ ನೇರವಾಗಿ ಹಚ್ಚಿ ಎಂಬ ಸಲಹೆ ಎಷ್ಟೋ ಪುರವಣಿಗಳಲ್ಲಿ ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ನಿಂಬೆರಸ ತೀರಾ ಆಮ್ಲೀಯ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಗಾಗಬಹುದು. ಮೆಡಿಕಲ್ ಶಾಪಿನ ಸ್ಟೆರಾಯ್ಡ್ ಮುಲಾಮನ್ನು ಬಿಳುಪಿಗೆ ಬಳಸುವುದು ನಮ್ಮ ದೇಶದ ಚರ್ಮವೈದ್ಯರು ವರ್ಷಗಳಿಂದ ಎಚ್ಚರಿಸುತ್ತಿರುವ ಪಿಡುಗು. ಅಂಥ ಹೆಸರು ಲೇಖನದಲ್ಲಿ ಸುಮ್ಮನೆ ನುಸುಳಿದರೂ ಕತ್ತರಿಸಿ.

ಹಂತ 6: ತೋರಿಸಲು ಕೆಲಸ ಮಾಡಿಟ್ಟುಕೊಳ್ಳಿ

ಕೆಲಸ ಕೊಡುವವರೇ ಇಲ್ಲದೆ ಪೋರ್ಟ್‌ಫೋಲಿಯೊ (ಮಾಡಿದ ಕೆಲಸದ ಮಾದರಿಗಳ ಸಂಗ್ರಹ) ಹೇಗೆ ಎಂದು ಹೊಸಬರು ಕೇಳುತ್ತಾರೆ. ಮನೆಯಲ್ಲಿರುವ ಮೂರು ವಸ್ತು ಆರಿಸಿ. ಒಂದಕ್ಕೆ ಪ್ರಾಡಕ್ಟ್ ಪುಟ, ಇನ್ನೊಂದಕ್ಕೆ ಪೆಟ್ಟಿಗೆಯ ಹಿಂಬದಿ, ಮತ್ತೊಂದಕ್ಕೆ ಮೂವತ್ತು ಸೆಕೆಂಡಿನ ವಿಡಿಯೊ ಮಾತು ಬರೆಯಿರಿ. ‘ಅಭ್ಯಾಸಕ್ಕಾಗಿ ಬರೆದದ್ದು’ ಎಂದು ಮೇಲೆಯೇ ನಮೂದಿಸಿ. ಬ್ರ್ಯಾಂಡ್ ನಿಮಗೆ ಕೆಲಸ ಕೊಟ್ಟಿತ್ತು ಎಂಬ ಭಾವನೆ ಬರಬಾರದು. ಇವೆಲ್ಲಕ್ಕಿಂತ ಬೆಲೆ ಬಾಳುವುದು ನಾಲ್ಕನೆಯದು: ಮೇಲೆ ಸೀರಮ್ ಸಾಲಿಗೆ ಮಾಡಿದಂತೆ ಒಂದು ಕೆಟ್ಟ ಜಾಹೀರಾತು ಬರಹವನ್ನು ತಿದ್ದಿದ ಹಾಳೆ, ಪ್ರತಿ ತಿದ್ದುಪಡಿಗೂ ಕಾರಣ ಬರೆದು. ನೇಮಕ ಮಾಡುವವರು ಓದುವುದು ಅದನ್ನೇ.

ಹಂತ 7: ಕೆಲಸ, ದರ, ಕರಾರು

ಬೆಂಗಳೂರಿನಲ್ಲಿ ಬಾಗಿಲುಗಳಿವೆ. ಮಿಂತ್ರಾದಂಥ ಮಾರಾಟ ತಾಣಗಳು, ಹಿಮಾಲಯದಂಥ ಹಳೆಯ ಕಂಪನಿ, ಜಾಹೀರಾತು ಏಜೆನ್ಸಿಗಳು, ನೇರ ಗ್ರಾಹಕರಿಗೆ ಮಾರುವ ಹೊಸ ಬ್ರ್ಯಾಂಡುಗಳು. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಇದ್ದು ಫ್ರೀಲಾನ್ಸ್ ಮಾಡುವುದೂ ಕಷ್ಟವಲ್ಲ. ಮೊದಲ ಒಂದೆರಡು ವರ್ಷ ಕಂಪನಿಯೊಳಗಿದ್ದು, ಪದಾರ್ಥ ಬೆರೆಸುವ ಕೆಮಿಸ್ಟರ ಜೊತೆ ಊಟಕ್ಕೆ ಕುಳಿತು ಕಲಿತರೆ ಆಮೇಲೆ ಸ್ವತಂತ್ರವಾಗುವುದು ಸಲೀಸು ಎಂಬುದು ನನ್ನ ಅಭಿಪ್ರಾಯ.

ದರವನ್ನು ಪದಕ್ಕಿಷ್ಟು ಎಂದು ಒಪ್ಪಬೇಡಿ. ಪೆಟ್ಟಿಗೆಯ ಮೇಲಿನ ಹನ್ನೆರಡು ಪದಕ್ಕೆ ಎರಡು ದಿನ ಹಿಡಿಯಬಹುದು. ತುಣುಕಿಗಿಷ್ಟು ಅಥವಾ ತಿಂಗಳಿಗಿಷ್ಟು ಎಂದು ಹೇಳಿ. ಕರಾರಿನಲ್ಲಿ ಎಷ್ಟು ಸುತ್ತು ತಿದ್ದುಪಡಿ, ಮುಂಗಡ ಎಷ್ಟು, ಕೆಲಸ ನಡುವೆ ನಿಂತರೆ ಎಷ್ಟು ಎಂಬುದಿರಲಿ. ಇನ್ನೊಂದು ವಾಕ್ಯವಂತೂ ಇರಲೇಬೇಕು: ಹೇಳಿಕೆಗಳ ವೈಜ್ಞಾನಿಕ ಆಧಾರ ಒದಗಿಸುವ, ಅಂತಿಮ ಒಪ್ಪಿಗೆ ಕೊಡುವ ಹೊಣೆ ಕಂಪನಿಯದು. ನೀವು ‘ತಿಳಿಯಾಗಿ ಕಾಣುತ್ತದೆ’ ಎಂದು ಕೊಟ್ಟದ್ದನ್ನು ಅವರು ಪ್ರಿಂಟಿಗೆ ಮುಂಚೆ ‘ಮಾಯ’ ಮಾಡಿದರೆ ಆ ಮಾತು ನಿಮ್ಮದಲ್ಲ ಎಂದು ಕಾಗದದಲ್ಲಿರುತ್ತದೆ. ನೀವು ಕೊಟ್ಟ ಕೊನೆಯ ಪ್ರತಿಯನ್ನು ಇಮೇಲ್‌ನಲ್ಲೇ ಕಳುಹಿಸಿ, ವಾಟ್ಸ್ಆ್ಯಪ್‌ನಲ್ಲಲ್ಲ.

ಕಂಪನಿಗಳು ಸಂಭಾವನೆಯಲ್ಲಿ ಸಾಮಾನ್ಯವಾಗಿ 10% ಟಿಡಿಎಸ್ (ಮೊದಲೇ ಕಡಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತವೆ. ವರ್ಷದ ಕೊನೆಗೆ ರಿಟರ್ನ್ ಸಲ್ಲಿಸಿ ಲೆಕ್ಕ ಸರಿಮಾಡಿಕೊಳ್ಳಿ. ಸೇವೆಯಿಂದ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆ ಮಟ್ಟ ಮುಟ್ಟುವ ಹೊತ್ತಿಗೆ ಒಬ್ಬ ಲೆಕ್ಕಪರಿಶೋಧಕರನ್ನು ಹುಡುಕಿಟ್ಟುಕೊಳ್ಳಿ.

ಮಾಡಿದ ಪ್ರತಿ ಪ್ಯಾಕಿನ ದಿನಾಂಕಸಹಿತ ಫೋಟೊ ತೆಗೆದಿಡಿ. ಬ್ರ್ಯಾಂಡುಗಳು ಸದ್ದಿಲ್ಲದೆ ಸೂತ್ರ ಬದಲಿಸುತ್ತವೆ. 10% ಇದ್ದದ್ದು 5% ಆಗಿರುತ್ತದೆ, ನಿಮ್ಮ ಹಳೆಯ ಸಾಲು ಹಾಗೆಯೇ ಪುಟದಲ್ಲಿ ಉಳಿದಿರುತ್ತದೆ. ಆರು ತಿಂಗಳಿಗೊಮ್ಮೆ ಹಳೆಯ ಪುಟಗಳನ್ನು ಹೊಸ ಲೇಬಲ್ ಜೊತೆ ಇಟ್ಟು ನೋಡುವ ಕೆಲಸವನ್ನು ನೀವೇ ಕಂಪನಿಗೆ ಪ್ರಸ್ತಾಪಿಸಿ. ಒಪ್ಪಿದರೆ ವರ್ಷಕ್ಕೆ ಎರಡು ಬಿಲ್ಲು ಖಾಯಂ.